ಯಾರೂ ಮುಟ್ಟದ ಐದು ಸೆಂಟು

ಸ್ಯಾನ್ ಫ್ರಾನ್ಸಿಸ್ಕೋದ ಟಂಕಸಾಲೆ 1920ರಲ್ಲಿ ಐದು ಸೆಂಟಿನ 96,89,000 ನಿಕಲ್ ನಾಣ್ಯಗಳನ್ನು ಅಚ್ಚು ಹಾಕಿತು. ಹನ್ನೊಂದು ವರ್ಷಗಳ ನಂತರ, 1931ರಲ್ಲಿ, ಅದೇ ಟಂಕಸಾಲೆಯಿಂದ ಹೊರಬಿದ್ದದ್ದು ಬರೀ 12 ಲಕ್ಷ. ಇವೆರಡರಲ್ಲಿ ಅಪರೂಪದ್ದು ಯಾವುದು ಎಂದು ಕೇಳಿದರೆ ಕೂಡುವುದು ಕಳೆಯುವುದು ಬಲ್ಲ ಯಾರೇ ಆದರೂ 1931ರದನ್ನೇ ತೋರಿಸುತ್ತಾರೆ. ಆದರೆ ಟಂಕಸಾಲೆಯಿಂದ ನಿನ್ನೆ ಬಂದಂತಿರುವ, ಅಚ್ಚು ಚೊಕ್ಕಟವಾಗಿ ಮೂಡಿರುವ ನಾಣ್ಯವೇ ಬೇಕೆಂದು ಹಟ ಹಿಡಿದ ಸಂಗ್ರಾಹಕನಿಗೆ ಲೆಕ್ಕ ತಲೆಕೆಳಗಾಗುತ್ತದೆ. 1931ರ ನಾಣ್ಯ ಅವನಿಗೆ ಹೆಚ್ಚು ಅಲೆದಾಟವಿಲ್ಲದೆ ಸಿಗುತ್ತದೆ. 1920ರದಕ್ಕೆ ವರ್ಷಗಟ್ಟಲೆ ಕಾಯಬೇಕು, ಸಿಕ್ಕಾಗ ಅದರ ಹತ್ತಾರು ಪಟ್ಟು ಬೆಲೆ ಕೊಡಬೇಕು.

1931ರದು ಉಳಿದದ್ದಕ್ಕೆ ಕಾರಣ ಮನುಷ್ಯರ ಆಸೆ. ಆರ್ಥಿಕ ಕುಸಿತದ ಆ ವರ್ಷ ಚಿಲ್ಲರೆಗೆ ಬೇಡಿಕೆ ಇರಲಿಲ್ಲ. ಮೊದಲಿಗೆ 1,94,000 ನಾಣ್ಯಗಳನ್ನಷ್ಟೇ ಮಾಡಿ ಟಂಕಸಾಲೆ ಕೈ ಬಿಟ್ಟಿತ್ತು. ಇಷ್ಟು ಕಡಿಮೆಯಾದರೆ ಜನ ಕೂಡಿಡುತ್ತಾರೆ ಎಂಬ ಅಳುಕಿನಿಂದ ವರ್ಷ ಮುಗಿಯುವ ಮೊದಲು ಇನ್ನೂ ಹತ್ತು ಲಕ್ಷದಷ್ಟು ಒತ್ತಿಸಲಾಯಿತು. ಜನ ಆದರೂ ಕೂಡಿಟ್ಟರು, ಸುರುಳಿಗಟ್ಟಲೆ, ಚೀಲಗಟ್ಟಲೆ. 1920ರ ನಾಣ್ಯಗಳ ಬಗ್ಗೆ ಯಾರಿಗೂ ಅಂಥ ಆಸೆ ಹುಟ್ಟಲಿಲ್ಲ. ಅವು ಕಾಫಿಯಂಗಡಿಗೆ, ಟ್ರಾಮಿಗೆ, ಮಕ್ಕಳ ಮಿಠಾಯಿಗೆ ಹೋದವು. ಇದು ಕಥೆಯ ಅರ್ಧ. ಉಳಿದ ಅರ್ಧ ಲೋಹದ್ದು, ನನಗೆ ಹೆಚ್ಚು ಹಿಡಿಸುವುದೂ ಅದೇ.

ನಿಕಲ್ ಎಂದರೆ ಅಮೆರಿಕನ್ನರ ಬಾಯಲ್ಲಿ ಐದು ಸೆಂಟಿನ ನಾಣ್ಯ. ತೂಕ 5 ಗ್ರಾಂ, ಅಗಲ 21.2 ಮಿಲಿಮೀಟರ್. ಹೆಸರು ನಿಕಲ್ ಆದರೂ ಅದರಲ್ಲಿ ನಿಕಲ್ ಇರುವುದು ಕಾಲು ಭಾಗ, ಮುಕ್ಕಾಲು ಭಾಗ ತಾಮ್ರ. ಹೆಸರಿನ ಮೂಲದಲ್ಲೂ ಒಂದು ತಮಾಷೆ ಅಡಗಿದೆ. ಜರ್ಮನಿಯ ಗಣಿಕಾರರಿಗೆ ತಾಮ್ರದಂತೆ ಕೆಂಪಾಗಿ ಕಾಣುವ ಒಂದು ಅದಿರು ಸಿಗುತ್ತಿತ್ತು. ಎಷ್ಟು ಕಾಯಿಸಿದರೂ ತಾಮ್ರ ಬರುತ್ತಿರಲಿಲ್ಲ. ಗಣಿಯ ದೆವ್ವದ ಕಾಟವೆಂದುಕೊಂಡು ಅದನ್ನು ‘ಕುಪ್ಫರ್‌ನಿಕಲ್’, ಅಂದರೆ ದೆವ್ವದ ತಾಮ್ರ, ಎಂದು ಕರೆದರು. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಆ ಅದಿರಿನಿಂದ ಹೊಸ ಲೋಹವೊಂದನ್ನು ಬೇರ್ಪಡಿಸಿ, ಹೆಸರಿನಿಂದ ತಾಮ್ರವನ್ನು ಬಿಟ್ಟು ದೆವ್ವವನ್ನು ಉಳಿಸಿಕೊಂಡ. ಅಮೆರಿಕ 1866ರಲ್ಲಿ ಅದೇ ಲೋಹಕ್ಕೆ ತಾಮ್ರವನ್ನು ಮರಳಿ ಬೆರೆಸಿ ಐದು ಸೆಂಟು ಮಾಡಿತು. ಅಂತರ್ಯುದ್ಧದ ಕಾಲದಲ್ಲಿ ಜನ ಬೆಳ್ಳಿಯನ್ನೆಲ್ಲ ಬಚ್ಚಿಟ್ಟುಕೊಂಡಿದ್ದರಿಂದ ಸರ್ಕಾರಕ್ಕೆ ಬೆಳ್ಳಿಯಲ್ಲದ ಬಿಳಿ ನಾಣ್ಯವೊಂದು ಬೇಕಾಗಿತ್ತು.

ಮುಕ್ಕಾಲು ಪಾಲು ತಾಮ್ರವಾದರೂ ಅದು ಕೆಂಪಾಗಿ ಕಾಣುವುದಿಲ್ಲ. ತಾಮ್ರದ ಎಲೆಕ್ಟ್ರಾನುಗಳು ನೀಲಿ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಹಿಂದಿರುಗಿಸುತ್ತವೆ. ನಿಕಲ್ ಸೇರಿದಾಗ ಈ ಪಕ್ಷಪಾತ ಕಲಸಿಹೋಗಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮವಾಗಿ ಪ್ರತಿಫಲಿಸುತ್ತವೆ. ಕಾಲು ಭಾಗ ನಿಕಲ್ ಸಾಕು, ತಾಮ್ರದ ಕೆಂಪು ಪೂರ್ತಿ ಅಡಗುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಏಳನೇ ಎಡ್ವರ್ಡನ ಕಾಲಕ್ಕೆ ಬಂದ, ಅಂಚು ಅಲೆಅಲೆಯಾಗಿದ್ದ ಒಂದಾಣೆಯೂ ಇದೇ ಮಿಶ್ರಲೋಹದ್ದು. ಹಳೆಯ ಡಬ್ಬಿಗಳಲ್ಲಿ ಇಂದಿಗೂ ಸಿಗುವ ಆ ಆಣೆಯನ್ನು ಕೈಯಲ್ಲಿ ಹಿಡಿದವರಿಗೆ ಅಮೆರಿಕದ ನಿಕಲ್ಲಿನ ಮೈ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ.

ನಾನು ಹೇಳುತ್ತಿರುವುದು 1913ರಿಂದ 1938ರವರೆಗೆ ಬಂದ ‘ಬಫೆಲೋ ನಿಕಲ್’ ಬಗ್ಗೆ. ರೂಪಿಸಿದವನು ಜೇಮ್ಸ್ ಅರ್ಲ್ ಫ್ರೇಜರ್ ಎಂಬ ಶಿಲ್ಪಿ. ಬಾಲ್ಯವನ್ನು ಡಕೋಟಾದ ಬಯಲಿನಲ್ಲಿ ಕಳೆದವನು. ಒಂದು ಬದಿಯಲ್ಲಿ ಮೂಲನಿವಾಸಿಯ ಮುಖ. ಅದು ಒಬ್ಬನ ಮುಖವಲ್ಲ. ಐರನ್ ಟೇಲ್, ಟೂ ಮೂನ್ಸ್ ಮೊದಲಾದವರನ್ನು ಎದುರಿಗೆ ಕೂರಿಸಿಕೊಂಡು, ಎಲ್ಲರ ಚಹರೆ ಕೂಡಿಸಿ ಮಾಡಿದ್ದು. ಇನ್ನೊಂದು ಬದಿಯಲ್ಲಿ ಬೈಸನ್. ಹೆಸರುಗಳ ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡೋಣ. ಬಫೆಲೋ ಎಂದರೂ ಅದು ಎಮ್ಮೆಯಲ್ಲ. ಬೈಸನ್ ಎಂದರೂ ನಾಗರಹೊಳೆಯ ಸಫಾರಿಯಲ್ಲಿ ‘ಬೈಸನ್’ ಎಂದು ಬೆರಳು ಮಾಡಿ ತೋರಿಸುವ ನಮ್ಮ ಕಾಟಿಯಲ್ಲ. ಅಮೆರಿಕನ್ನರು ಬೈಸನ್ನನ್ನು ಎಮ್ಮೆ ಎಂದರು, ಬ್ರಿಟಿಷರು ಕಾಟಿಯನ್ನು ಬೈಸನ್ ಎಂದರು. ಎರಡು ತಪ್ಪು ಹೆಸರುಗಳೂ ಗಟ್ಟಿಯಾಗಿ ಅಂಟಿಕೊಂಡವು. ನಾಣ್ಯಕ್ಕೆ ರೂಪದರ್ಶಿ ಎಂದು ಹೆಸರಾದದ್ದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯದ ಬ್ಲ್ಯಾಕ್ ಡೈಮಂಡ್. ಕೋಟಿಗಟ್ಟಲೆ ಇದ್ದ ಬೈಸನ್‌ಗಳನ್ನು ಬೇಟೆಯಾಡಿ ಮುಗಿಸಿದ ನಾಡು ಅದರ ಚಿತ್ರವನ್ನು ಚಿಲ್ಲರೆಯ ಮೇಲೆ ಒತ್ತಿಕೊಂಡಿತು. ಬ್ಲ್ಯಾಕ್ ಡೈಮಂಡನ್ನು 1915ರಲ್ಲಿ ಮಾಂಸಕ್ಕೆ ಮಾರಿದರು.

ಚೆಲುವಾದ ನಾಣ್ಯ, ಆದರೆ ಟಂಕಸಾಲೆಯವರ ಪಾಲಿಗೆ ತಲೆನೋವು. ಆವರ್ತ ಕೋಷ್ಟಕದಲ್ಲಿ ತಾಮ್ರ ಮತ್ತು ನಿಕಲ್ ಅಕ್ಕಪಕ್ಕದ ಮನೆಯವರು. ಪರಮಾಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಸ್ಫಟಿಕದಲ್ಲಿ ಜೋಡಣೆಗೊಳ್ಳುವ ಬಗೆಯೂ ಒಂದೇ. ಹಾಗಾಗಿ ಯಾವ ಪ್ರಮಾಣದಲ್ಲಿ ಬೆರೆಸಿದರೂ ಹಾಲಿಗೆ ನೀರು ಸೇರಿದಂತೆ ಸೇರುತ್ತವೆ. ಆದರೆ ‘ಹೆಚ್ಚುಕಡಿಮೆ ಒಂದೇ’ ಎಂಬುದರೊಳಗಿನ ಸಣ್ಣ ವ್ಯತ್ಯಾಸ ಸ್ಫಟಿಕದ ಸಾಲುಗಳನ್ನು ಅಲ್ಲಲ್ಲಿ ಸೊಟ್ಟ ಮಾಡುತ್ತದೆ. ಸಾಲುಗಳು ಒಂದರ ಮೇಲೊಂದು ಸುಲಭವಾಗಿ ಜಾರಿದರೆ ಲೋಹ ಮೆದು. ಸೊಟ್ಟಗಾದ ಸಾಲುಗಳು ಜಾರಲು ಒಪ್ಪುವುದಿಲ್ಲ, ಲೋಹ ಗಡುಸಾಗುತ್ತದೆ. ಬೆಳ್ಳಿಯ ಬಿಲ್ಲೆ ಅಚ್ಚಿನ ಪೆಟ್ಟಿಗೆ ಸುಲಭವಾಗಿ ಮಣಿಯುತ್ತದೆ, ಈ ಬಿಲ್ಲೆ ಮಣಿಯುವುದಿಲ್ಲ. ಪೆಟ್ಟು ಜೋರಾದರೆ ಉಕ್ಕಿನ ಅಚ್ಚೇ ಬಿರುಕು ಬಿಡುತ್ತದೆ.

ಇದಕ್ಕೆ ಟಂಕಸಾಲೆಗಳು ಕಂಡುಕೊಂಡ ದಾರಿ ಸರಳ: ಮೇಲಿನ ಅಚ್ಚಿಗೂ ಕೆಳಗಿನ ಅಚ್ಚಿಗೂ ನಡುವಿನ ಅಂತರವನ್ನು ಕೂದಲೆಳೆಯಷ್ಟು ಹೆಚ್ಚಿಸಿದರು. ಅಚ್ಚುಗಳು ಹೆಚ್ಚು ದಿನ ಬಾಳಿದವು, ಸವೆದ ಮೇಲೂ ಅವುಗಳಿಂದ ದುಡಿಸಿಕೊಂಡರು. ಬೆಲೆ ತೆತ್ತದ್ದು ಚಿತ್ರ. ಅಚ್ಚಿನಲ್ಲಿ ತಗ್ಗಾಗಿರುವ ಕಡೆಯೇ ನಾಣ್ಯದ ಮೇಲೆ ಉಬ್ಬು. ಮುಖದ ಬದಿಯ ಉಬ್ಬು ಬಂದ ಜಾಗದ ಬೆನ್ನಿಗೇ ಬೈಸನ್ನಿನ ಹೆಗಲಿನ ಉಬ್ಬು ಬಂದಿದೆ. ಎರಡೂ ತಗ್ಗುಗಳನ್ನು ಒಟ್ಟಿಗೆ ತುಂಬುವಷ್ಟು ಲೋಹ ಅಲ್ಲಿಗೆ ಹರಿದು ಬರುವುದಿಲ್ಲ. ಬೈಸನ್ನಿನ ತಲೆಯ ಉಣ್ಣೆ, ಕೋಡು, ಬಾಲ, ಮೂಲನಿವಾಸಿಯ ಜಡೆಯ ಮೇಲಿನ ಕೂದಲಿನ ಎಳೆಗಳು ಇವೆಲ್ಲ ಮಸುಕಾಗಿ ಹುಟ್ಟಿದವು. 1920ರ ದಶಕದಲ್ಲಿ ಡೆನ್ವರ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಗಳಲ್ಲಿ ಈ ಚಾಳಿ ಮಿತಿಮೀರಿತು. 1920ರ ಸ್ಯಾನ್ ಫ್ರಾನ್ಸಿಸ್ಕೋ ನಾಣ್ಯಗಳಲ್ಲಿ ಬಹುಪಾಲು ಹುಟ್ಟಿದ ದಿನವೇ ಮುದಿಯಾಗಿದ್ದವು. ಇಡೀ ಸರಣಿಯಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ, ಅಂದರೆ 9,70,000 ಮಾತ್ರ ಬಂದ 1926ರ ಸ್ಯಾನ್ ಫ್ರಾನ್ಸಿಸ್ಕೋ ನಾಣ್ಯಕ್ಕೆ ಸಂಖ್ಯೆಯ ಬಡತನವೂ ಅಚ್ಚಿನ ಬಡತನವೂ ಒಟ್ಟಿಗೇ ಬಡಿದವು.

ಹಾಗಾದರೆ ಮಸುಕಾಗಿ ಹುಟ್ಟಿದ್ದಕ್ಕೂ ಕೈಯಿಂದ ಕೈಗೆ ಹೋಗಿ ಸವೆದದ್ದಕ್ಕೂ ವ್ಯತ್ಯಾಸ ಹೇಳುವುದು ಹೇಗೆ? ಬೆಳಕಿನಿಂದ. ಅಚ್ಚಿನ ಪೆಟ್ಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಸಾವಿರಾರು ಬಿಲ್ಲೆಗಳ ಈ ಹರಿವು ಅಚ್ಚಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಕೊರೆಯುತ್ತದೆ, ಅವು ಮುಂದಿನ ನಾಣ್ಯಗಳ ಮೇಲೆ ಮೂಡುತ್ತವೆ. ದೀಪದ ಕೆಳಗೆ ಅಂಥ ನಾಣ್ಯವನ್ನು ಓರೆಯಾಗಿಸಿದರೆ ಬೆಳಕಿನ ಪಟ್ಟಿಯೊಂದು ಬಂಡಿಯ ಚಕ್ರದ ಅರೆಕಾಲುಗಳಂತೆ ಗಿರ್ರನೆ ತಿರುಗುತ್ತದೆ. ನೋಡಿಲ್ಲದವರು ಅಡುಗೆಮನೆಯ ಹೊಸ ಸ್ಟೀಲ್ ತಟ್ಟೆಯ ತಳವನ್ನು ಕಿಟಕಿಯ ಬಳಿ ಆಚೀಚೆ ವಾಲಿಸಲಿ. ಅಲ್ಲಿ ಗೀರುಗಳು ವೃತ್ತಾಕಾರ, ಇಲ್ಲಿ ಕೇಂದ್ರದಿಂದ ಅಂಚಿಗೆ. ಬೆಳಕಿನ ಆಟ ಹೆಚ್ಚುಕಡಿಮೆ ಒಂದೇ. ಮಸುಕಾಗಿ ಹುಟ್ಟಿದ ಕೋಡಿನ ಮೇಲೂ ಹೊಳಪು ಉಳಿದಿರುತ್ತದೆ. ಅಚ್ಚು ಸರಿಯಾಗಿ ತಾಗದ ಕಡೆ ಖಾಲಿ ಬಿಲ್ಲೆಗೆ ಮೊದಲೇ ಇದ್ದ ತರಚುಗಳೂ ಅಳಿಯದೆ ಕಾಣುತ್ತವೆ. ಸವೆದ ಕೋಡಿನ ಮೇಲೆ ತಿರುಗುವ ಬೆಳಕು ತಟ್ಟನೆ ಕಡಿದುಹೋಗುತ್ತದೆ.

ಈ ಗೀರುಗಳ ಪದರ ಎಷ್ಟು ತೆಳುವೆಂದರೆ ಬೆರಳಿನ ಉಜ್ಜುವಿಕೆಗೇ ಅದು ಹೋಗುತ್ತದೆ. ನಾನು ಹುಡುಗನಾಗಿದ್ದಾಗ ಅಜ್ಜಿಯ ಡಬ್ಬಿಯಲ್ಲಿ ಸಿಕ್ಕ ಒಂದಾಣೆಯನ್ನು ಪೂಜೆಯ ತಂಬಿಗೆಯ ಜೊತೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದೆ. ಪಳಪಳ ಹೊಳೆಯಿತು, ಎಲ್ಲರಿಗೂ ತೋರಿಸಿಕೊಂಡು ಬಂದೆ. ಅದು ಹೊಸ ನಾಣ್ಯದ ಹೊಳಪಲ್ಲ, ಸುಲಿದ ಮೈಯ ಹೊಳಪು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಆಮ್ಲ ಮೇಲ್ಪದರವನ್ನು ಕರಗಿಸಿತ್ತು, ಬೂದಿ ಅಡ್ಡಾದಿಡ್ಡಿ ಗೀಚಿತ್ತು. ತೊಳೆದ ನಾಣ್ಯ ಸಂಗ್ರಾಹಕರ ಪಾಲಿಗೆ ಸವೆದ ನಾಣ್ಯಕ್ಕಿಂತ ಕೀಳು, ಏಕೆಂದರೆ ಸವೆದದ್ದಕ್ಕೆ ಕನಿಷ್ಠ ಒಂದು ಪ್ರಾಮಾಣಿಕತೆಯಾದರೂ ಇದೆ.

ಏನೂ ಮಾಡದೆ ಸುಮ್ಮನೆ ಇಟ್ಟರೂ ಗಾಳಿ ತನ್ನ ಕೆಲಸ ಮಾಡುತ್ತಿರುತ್ತದೆ. ಮೇಲೆ ಕಟ್ಟುವ ತೆಳು ಪದರದ ಮೇಲ್ಮೈಯಿಂದ ಮರಳಿದ ಬೆಳಕೂ ಅಡಿಯ ಲೋಹದಿಂದ ಮರಳಿದ ಬೆಳಕೂ ಸೇರಿ ಕೆಲವು ಬಣ್ಣಗಳನ್ನು ಅಳಿಸುತ್ತವೆ, ಕೆಲವನ್ನು ಎತ್ತಿ ಹಿಡಿಯುತ್ತವೆ. ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಕಾಣುವಂತೆ. ನಿಕಲ್‌ಗಳಲ್ಲಿ ಅದು ತಿಳಿಹೊನ್ನು, ನಸುಗುಲಾಬಿ, ನೀಲಿಯಾಗಿ ಬರುತ್ತದೆ. ಕೆಟ್ಟ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಾತ್ರ ಬರುವುದು ಜಿಗುಟು ಹಸಿರು. ಪಿವಿಸಿ ಕೊಳೆಯುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನಲು ಶುರು ಮಾಡಿದೆ ಎಂದು ಅದರ ಅರ್ಥ.

ಇಷ್ಟೆಲ್ಲವನ್ನೂ ಒಂದು ಅಂಕಿಗೆ ಇಳಿಸುವುದು ಇಂದಿನ ಪದ್ಧತಿ. ಒಂದರಿಂದ ಎಪ್ಪತ್ತರವರೆಗಿನ ಈ ಅಳತೆಯನ್ನು 1949ರಲ್ಲಿ ಹಳೆಯ ದೊಡ್ಡ ಸೆಂಟುಗಳಿಗಾಗಿ ಮಾಡಿದವನು ವಿಲಿಯಂ ಶೆಲ್ಡನ್; ಮನುಷ್ಯರ ಮೈಕಟ್ಟನ್ನು ವರ್ಗ ಮಾಡಿ ಅದರಿಂದ ಅವರ ಸ್ವಭಾವ ಹೇಳುತ್ತೇನೆಂದು ಹೊರಟಿದ್ದ ಮನಶ್ಶಾಸ್ತ್ರಜ್ಞ. ಎಪ್ಪತ್ತರ ನಾಣ್ಯಕ್ಕೆ ಒಂದರ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಎಂಬುದು ಅವನ ಮೂಲ ಲೆಕ್ಕ. ಆ ಬೆಲೆಗಳ ಅನುಪಾತ ಬೇಗ ಮಣ್ಣುಪಾಲಾಯಿತು, ಅಂಕಿಗಳು ಉಳಿದವು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಆ ಜಾಗದಲ್ಲಿ ಕಳಪೆ ನಾಣ್ಯಗಳನ್ನು ಇಟ್ಟಿದ್ದವನು ಇದೇ ಶೆಲ್ಡನ್ ಎಂಬುದು ಅವನು ಸತ್ತ ಮೇಲೆ ಬಯಲಾಯಿತು. ದರ್ಜೆಯ ಭೇದ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು ಎನ್ನಬೇಕು.

1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕತೊಡಗಿದವು. ಅರವತ್ತು ಮತ್ತು ಮೇಲಿನ ಅಂಕಗಳು ಚಲಾವಣೆಗೆ ಹೋಗದ ನಾಣ್ಯಗಳಿಗೆ. ಅರವತ್ತೈದು ಮುಟ್ಟಿದರೆ ಉತ್ತಮ ದರ್ಜೆ. ಕಷ್ಟದ ವರ್ಷಗಳ ನಾಣ್ಯಗಳಲ್ಲಿ ಅರವತ್ತನಾಲ್ಕಕ್ಕೂ ಅರವತ್ತೈದಕ್ಕೂ ಬೆಲೆ ಹಲವು ಪಟ್ಟು ಹಾರುತ್ತದೆ. ಆ ಒಂದು ಅಂಕವನ್ನು ಕೊಡುವುದು ಯಂತ್ರವಲ್ಲ, ದೀಪದ ಕೆಳಗೆ ಕೂತ ಮನುಷ್ಯರ ಕಣ್ಣು. ಹಾಗಾಗಿ ಪೆಟ್ಟಿಗೆ ಒಡೆದು ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸಿ, ಒಮ್ಮೆಯಾದರೂ ಒಂದಂಕ ಹೆಚ್ಚು ಬರಲಿ ಎಂದು ಕಾಯುವವರಿದ್ದಾರೆ. ಮರುಮೌಲ್ಯಮಾಪನಕ್ಕೆ ಹಾಕಿ ಕೂತ ಪರೀಕ್ಷಾರ್ಥಿಗಳ ಹಾಗೆ. ಇದನ್ನು ಸಂಗ್ರಹ ಎನ್ನಲು ನನಗೆ ಮನಸ್ಸು ಬಾರದು.

ಅಂಕಗಳ ಹಂಗಿಲ್ಲದ ನಿಕಲ್ ಕೂಡ ಒಂದಿದೆ. ಬೈಸನ್ ಬರುವುದಕ್ಕೆ ಮೊದಲಿದ್ದ ಲಿಬರ್ಟಿ ದೇವಿಯ ನಿಕಲ್ 1912ಕ್ಕೆ ಮುಗಿಯಬೇಕಿತ್ತು. ಆದರೆ 1913 ಎಂದು ಒತ್ತಿದ ಐದು ನಾಣ್ಯಗಳು ಫಿಲಡೆಲ್ಫಿಯಾ ಟಂಕಸಾಲೆಯಿಂದ ಹೇಗೋ ಹೊರಬಂದವು. 1920ರಲ್ಲಿ ಶಿಕಾಗೋದ ಸಮ್ಮೇಳನವೊಂದರಲ್ಲಿ ಅವನ್ನು ಪ್ರದರ್ಶಿಸಿದ ಸ್ಯಾಮ್ಯುಯೆಲ್ ಬ್ರೌನ್ ಹಿಂದೆ ಅದೇ ಟಂಕಸಾಲೆಯ ನೌಕರನಾಗಿದ್ದ. ಉಳಿದದ್ದನ್ನು ಓದುಗರೇ ಊಹಿಸಬಹುದು. ಐದರಲ್ಲಿ ಒಂದು ಈಜಿಪ್ಟಿನ ದೊರೆ ಫಾರೂಕನ ಕೈಗೂ ಹೋಗಿಬಂದಿತ್ತು. 1996ರಲ್ಲಿ ಹತ್ತು ಲಕ್ಷ ಡಾಲರ್ ದಾಟಿ ಹರಾಜಾದ ಮೊದಲ ನಾಣ್ಯವೂ ಈ ಐದರಲ್ಲೊಂದು. ಮತ್ತೊಂದರ ಒಡೆಯ ಜಾರ್ಜ್ ವಾಲ್ಟನ್ 1962ರಲ್ಲಿ ನಾಣ್ಯ ಪ್ರದರ್ಶನಕ್ಕೆ ಹೋಗುತ್ತಿದ್ದಾಗ ಕಾರು ಅಪಘಾತದಲ್ಲಿ ತೀರಿಕೊಂಡ. ನಜ್ಜುಗುಜ್ಜಾದ ಕಾರಿನಲ್ಲಿ ಸಿಕ್ಕ ನಾಣ್ಯವನ್ನು ಹರಾಜುದಾರರು ನಕಲಿ ಎಂದು ಹಿಂದಿರುಗಿಸಿದರು. ಅದು ಅವನ ಸಹೋದರಿಯ ಬೀರುವಿನಲ್ಲಿ ದಶಕಗಳ ಕಾಲ ಕೂತಿತ್ತು. 2003ರಲ್ಲಿ ಬಾಲ್ಟಿಮೋರಿನಲ್ಲಿ ಉಳಿದ ನಾಲ್ಕರ ಪಕ್ಕದಲ್ಲಿಟ್ಟು ನೋಡಿದ ತಜ್ಞರು ಅಸಲಿ ಎಂದರು. ಹತ್ತು ವರ್ಷದ ನಂತರ ಅದು ಹರಾಜಾದದ್ದು 31,72,500 ಡಾಲರಿಗೆ. ಐದೇ ಇರುವಾಗ ದರ್ಜೆಯ ಮಾತು ಹಿಂದೆ ಸರಿಯುತ್ತದೆ.

96 ಲಕ್ಷ ಇದ್ದಾಗಲೇ ಅದು ಮುಂದೆ ಬರುವುದು. ಆ 1920ರ ನಾಣ್ಯಗಳೆಲ್ಲ ಎಲ್ಲಿ ಹೋದವು? ಬಹಳಷ್ಟು ಇನ್ನೂ ಇವೆ, ವರ್ಷ ಕಳೆದುಕೊಂಡು. ಫ್ರೇಜರ್ ಇಸವಿಯನ್ನು ಮೂಲನಿವಾಸಿಯ ಭುಜದ ಉಬ್ಬಿನ ಮೇಲೆ ಕೂರಿಸಿದ್ದ. ಜೇಬಿನಲ್ಲಿ ಮೊದಲು ಸವೆಯುವುದೇ ಆ ಜಾಗ. ಬೈಸನ್ನಿನ ಕಾಲಡಿಯ ‘ಐದು ಸೆಂಟು’ ಎಂಬ ಬರಹ ಬೇಗ ಸವೆಯುತ್ತದೆಂದು 1913ರಲ್ಲೇ ಟಂಕಸಾಲೆಯ ಚಾರ್ಲ್ಸ್ ಬಾರ್ಬರ್ ಅದನ್ನು ತಗ್ಗಿಗೆ ಇಳಿಸಿದ, ಇಸವಿಗೆ ಅಂಥ ಆಸರೆ ಸಿಗಲಿಲ್ಲ. ಅಮೆರಿಕದ ನಾಣ್ಯದಂಗಡಿಗಳಲ್ಲಿ ಇಸವಿಯಿಲ್ಲದ ಬಫೆಲೋಗಳನ್ನು ಡಬ್ಬಿಯಲ್ಲಿ ಸುರಿದು ಅಗ್ಗಕ್ಕೆ ಮಾರುತ್ತಾರೆ.

ಅವುಗಳ ಮೇಲೆ ಫೆರಿಕ್ ಕ್ಲೋರೈಡಿನ ಒಂದು ಹನಿ ಹಾಕಿದರೆ ಕಳೆದುಹೋದ ಇಸವಿ ಮರಳಿ ಕಾಣುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರು ಸರ್ಕ್ಯೂಟಿನ ಹಲಗೆಯ ತಾಮ್ರ ಕರಗಿಸಲು ಬಳಸಿರುವ ದ್ರಾವಣವೇ ಇದು. ಅಚ್ಚಿನ ಪೆಟ್ಟು ಅಂಕಿಗಳನ್ನು ಎಬ್ಬಿಸುವಾಗ ಅವುಗಳ ಅಡಿಯ ಲೋಹ ಸುತ್ತಲಿನ ಲೋಹಕ್ಕಿಂತ ಬೇರೆ ಬಗೆಯಲ್ಲಿ ಜಜ್ಜಿಹೋಗಿರುತ್ತದೆ. ಮೇಲಿನ ಉಬ್ಬು ಅಳಿದರೂ ಸ್ಫಟಿಕಗಳೊಳಗಿನ ಆ ಬಿಗಿತ ಹಾಗೇ ಇರುತ್ತದೆ, ಆಮ್ಲ ಅದನ್ನು ಬೇರೆ ವೇಗದಲ್ಲಿ ತಿನ್ನುತ್ತದೆ. ಕಳ್ಳರು ಅರದಿಂದ ಉಜ್ಜಿ ಅಳಿಸಿದ ಬಂದೂಕಿನ ಸಂಖ್ಯೆಯನ್ನು ವಿಧಿವಿಜ್ಞಾನದವರು ಓದುವುದೂ ಇದೇ ತತ್ವದಿಂದ. ಹಿಂಬದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಗುರುತು ಸಾಮಾನ್ಯವಾಗಿ ಉಳಿದಿರುತ್ತದೆ. ಹನಿ ಬಿದ್ದು ತುಸು ಹೊತ್ತಾದ ಮೇಲೆ ಭುಜದ ಮೇಲೆ ಮಬ್ಬಾಗಿ ಒಂದು, ಒಂಬತ್ತು, ಎರಡು, ಸೊನ್ನೆ ತೇಲಿಬರುತ್ತವೆ. ಸುತ್ತಲೂ ಆಮ್ಲ ತಿಂದ ಕಪ್ಪು ಕಲೆ. ಪೆಟ್ಟಿಗೆಯಲ್ಲಿ ಮುದ್ರೆ ಹಾಕುವವರು ಅಂಥ ನಾಣ್ಯಕ್ಕೆ ಅಂಕವನ್ನೇ ಕೊಡುವುದಿಲ್ಲ.