ಹಡಗು ಹತ್ತಿ ಬರುವ ಅಪರಾಧ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಟೇಲರ್ ಮಂಜಿಲ್ ಎಂಬ ಹಳೇ ಬಂಗಲೆ ಇದೆ. ಊರಿಗೆ ಬಂದ ನೆಂಟರಿಗೆ ತೋರಿಸುವ ಜಾಗ. ಪತ್ತೇದಾರಿ ಕಥೆಗಳ ಹುಚ್ಚಿರುವ ನನಗೆ ಅದರ ಮುಂದೆ ನಿಂತರೆ ನೆನಪಾಗುವುದೇ ಬೇರೆ. 1840ರ ದಶಕದಲ್ಲಿ ಇಲ್ಲಿನ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಅದಕ್ಕೂ ಮೊದಲೇ, 1839ರಲ್ಲಿ, ಒಬ್ಬ ಠಕ್ಕನ, ಅಂದರೆ ದಾರಿಹೋಕರನ್ನು ಕೊಂದು ದೋಚುವ ಗುಂಪಿನವನ, ತಪ್ಪೊಪ್ಪಿಗೆಯನ್ನು ಕಾದಂಬರಿ ಮಾಡಿದ್ದ. ಏಳುನೂರಕ್ಕೂ ಹೆಚ್ಚು ಕೊಲೆಗಳ ಕಥೆಯನ್ನು ಠಕ್ಕನೇ ಸಾಹೇಬನ ಮುಂದೆ ಹೇಳುತ್ತಾ ಹೋಗುತ್ತಾನೆ. ಲಂಡನ್ನಿನಲ್ಲಿ ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು.

ಎರಡು ವರ್ಷಕ್ಕೆ, 1841ರಲ್ಲಿ, ಎಡ್ಗರ್ ಅಲನ್ ಪೋ ಮೊದಲ ಪತ್ತೇದಾರಿ ಕಥೆ ಬರೆದ. ಅದರಲ್ಲಿ ಕೊಂದದ್ದು ಬೋರ್ನಿಯೋದಿಂದ ತಂದ ಒರಾಂಗುಟಾನ್. (ಗುಟ್ಟು ಹೇಳಿಬಿಟ್ಟೆ. 180 ವರ್ಷ ದಾಟಿದೆ, ಪರವಾಗಿಲ್ಲ ಅಲ್ವಾ?) ಅಲ್ಲಿಂದ ಮುಂದೆ ಅಪರಾಧ ಹಡಗು ಹತ್ತಿ ಬರುವುದು ರೂಢಿಯೇ ಆಯಿತು. 1890ರ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ವಿಷದ ಮುಳ್ಳು ಊದುವವನು ಅಂಡಮಾನಿನವನು. 1892ರ ಕಥೆಯಲ್ಲಿ ಕೊಲ್ಲುವುದು ಭಾರತದ ಹಾವು. ಅದು ಹಾಲು ಕುಡಿಯುತ್ತದೆ, ಸಿಳ್ಳೆ ಕೇಳಿದರೆ ವಾಪಸ್ ಬರುತ್ತದೆ. ತೊಗರಿ ಹೊಲದಲ್ಲಿ ಹಾವು ಕಂಡವರು ಇಲ್ಲಿ ನಗುತ್ತಾರೆ. ಆದರೆ ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಜಾಸ್ತಿ ನಗುವ ಹಾಗೂ ಇಲ್ಲ.

ಇದು ಸುಮ್ನೆ ಲೇಖಕರ ಚಟವಲ್ಲ, ಹಿಂದೆ ಕಾನೂನೇ ಇತ್ತು. 1836ರ ಕಾಯ್ದೆಯ ಪ್ರಕಾರ ಠಕ್ಕರ ಗುಂಪಿಗೆ ಸೇರಿದ್ದ ಎಂದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. ಯಾರನ್ನು, ಎಲ್ಲಿ ಕೊಂದ ಎಂದು ತೋರಿಸಬೇಕಿರಲಿಲ್ಲ. 1871ರ ಕಾಯ್ದೆ ಇನ್ನೂ ಮುಂದೆ ಹೋಗಿ ಇಡೀ ಬುಡಕಟ್ಟುಗಳನ್ನೇ ‘ಅಪರಾಧಿ’ ಎಂದು ಬರೆದಿಟ್ಟಿತು. ಆ ಪಟ್ಟಿಯಿಂದ ಹೆಸರು ಅಳಿಸಿದ್ದು 1952ರಲ್ಲಿ. ಈ ಕಾಯ್ದೆಗಳನ್ನು ತಂದ ಬ್ರಿಟಿಷ್ ಆಡಳಿತವೇ 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಲಂಡನ್ ಪೊಲೀಸರಿಗೆ ಆ ಪದ್ಧತಿ ಹೋಗಿದ್ದು ಆಮೇಲೆ, 1901ರಲ್ಲಿ. ಬೆರಳಚ್ಚು ಕುಲ ಕೇಳುವುದಿಲ್ಲ, ಒಬ್ಬನನ್ನೇ ಗುರುತಿಸುತ್ತದೆ. ಎರಡೂ ಒಂದೇ ಆಡಳಿತದ ಕೆಲಸ ಎನ್ನುವುದು ನನಗೆ ಇವತ್ತಿಗೂ ವಿಚಿತ್ರ.

ಹೊರಗಿನವರ ಮೇಲೇ ಅನುಮಾನಪಡುವ ಈ ಚಾಳಿಯನ್ನು ಆಗಲೇ ಗುರುತಿಸಿದವರೂ ಇದ್ದರು. ವಿಲ್ಕಿ ಕಾಲಿನ್ಸ್‌ನ 1868ರ ಕಾದಂಬರಿ ಶುರುವಾಗುವುದೇ 1799ರ ಶ್ರೀರಂಗಪಟ್ಟಣದಲ್ಲಿ, ಇಂಗ್ಲಿಷ್ ಅಧಿಕಾರಿಯೊಬ್ಬ ವಜ್ರ ದೋಚುವುದರಿಂದ. ವಜ್ರ ಇಂಗ್ಲೆಂಡಿನಲ್ಲಿ ಮತ್ತೆ ಕಳುವಾದಾಗ ಎಲ್ಲರ ಕಣ್ಣು ಮೂವರು ಭಾರತೀಯರ ಮೇಲೆ. ಕದ್ದವರು ಯಾರು? ಇದರ ಗುಟ್ಟು ಮಾತ್ರ ಬಿಡುವುದಿಲ್ಲ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಮಾಡಿದಾಗ, ಕಥೆಯಲ್ಲಿ ಚೀನಾದವನು ಇರಬಾರದು ಎಂಬುದೂ ಒಂದು. ಓದಿದರೆ ಕೆಟ್ಟದಾಗಿ ಕೇಳಿಸುತ್ತದೆ. ನಾಕ್ಸ್ ಗೇಲಿ ಮಾಡಿದ್ದು ಖಳ ಎಂದರೆ ಚೀನಾದವನೇ ಎಂಬ ಸವಕಲು ಚಾಳಿಯನ್ನು.

ಈಗ ಅಗಾಥಾ ಕ್ರಿಸ್ಟಿಯ ಹೊಸ ಮುದ್ರಣಗಳಲ್ಲಿ ಬೇರೆ ಜನಾಂಗದವರನ್ನು ಹೀಯಾಳಿಸುವ ಕೆಲವು ಮಾತು ತೆಗೆಯುತ್ತಿದ್ದಾರೆ. ನನಗೆ ಅದು ಹಿಡಿಸಿಲ್ಲ. ಯಾರ ಮೇಲೆ ಮೊದಲು ಅನುಮಾನ ಬಂತು ಎಂಬುದೂ ಒಂದು ಸುಳಿವು. ಅಳಿಸಿದರೆ ಓದುಗ ಪತ್ತೆ ಮಾಡುವುದೇನು?

ಹೋದ ವರ್ಷ ಕಲಬುರಗಿಯ ನಮ್ಮ ಓಣಿಯಲ್ಲಿ ಒಂದು ಗ್ಯಾಸ್ ಸಿಲಿಂಡರ್ ಕಾಣೆಯಾಯಿತು. ‘ಆ ಡೇರೆ ಹಾಕಿದವರನ್ನ ವಿಚಾರಿಸ್ರಿ’ ಎಂದರು ಹಿರಿಯರು. ನಾನೂ ತಲೆ ಆಡಿಸಿದೆ. ಎರಡು ದಿನಕ್ಕೆ ಸಿಲಿಂಡರ್ ಪಕ್ಕದ ಮನೆಯ ಮೆಟ್ಟಿಲ ಕೆಳಗೆ ಸಿಕ್ಕಿತು. ತಂದ ಹುಡುಗ ಮನೆ ತಪ್ಪಿ ಇಳಿಸಿಹೋಗಿದ್ದ.