ಹೊಸ ಪ್ಯಾಕೇಜ್ ಸೇರಿಸಿದ ಮೇಲೆ ಭಂಡಾರದ ಪಟ್ಟಿಯನ್ನು ನವೀಕರಿಸುವುದು

ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆ ಇಂಟರ್‌ನೆಟ್ಟನ್ನೇ ನೆಚ್ಚಿಕೊಂಡು ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ತಂತ್ರಾಂಶ ಹಾಕುವುದು ಆಗದ ಮಾತಾದ್ದರಿಂದ, ನಾವು ಒಂದು ಲಿನಕ್ಸ್ ಸರ್ವರಿನಲ್ಲಿ ಆರ್‌ಪಿಎಂ ಪ್ಯಾಕೇಜುಗಳ (ತಂತ್ರಾಂಶವನ್ನು ಕಟ್ಟಿಟ್ಟ ಕಡತಗಳ) ಭಂಡಾರವನ್ನು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇವೆ. ಫೋಲ್ಡರಿಗೆ ನಕಲಿಸಿದ ಮಾತ್ರಕ್ಕೆ ಪ್ಯಾಕೇಜ್ ಭಂಡಾರಕ್ಕೆ ಸೇರಿದಂತಾಗುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಶಿವಮೊಗ್ಗದ ಮಂಡಿಯಲ್ಲಿ ಮೂಟೆ ಇಳಿಸಿದ್ದರೂ ಲಾಟ್ ಪಟ್ಟಿಗೆ ಬಾರದ ಅಡಿಕೆಗೆ ದರ ಕೂಗುವವರಿಲ್ಲ. ಭಂಡಾರದಿಂದ ಪ್ಯಾಕೇಜುಗಳನ್ನು ತಂದು ಕಂಪ್ಯೂಟರಿಗೆ ಹಾಕುವ ಡಿಎನ್‌ಎಫ್ ಎಂಬ ತಂತ್ರಾಂಶ ಕೂಡ ಫೋಲ್ಡರನ್ನು ನೋಡದೆ ಪಟ್ಟಿಯನ್ನಷ್ಟೇ ಓದುತ್ತದೆ.

ಆ ಪಟ್ಟಿ ಇರುವುದು ರೆಪೋಡೇಟಾ ಎಂಬ ಉಪಫೋಲ್ಡರಿನಲ್ಲಿ. ಅದರೊಳಗಿನ ರೆಪೋಎಂಡಿ.ಎಕ್ಸ್‌ಎಂಎಲ್ ಕಡತವು ಉಳಿದ ಪಟ್ಟಿಗಳ ಹೆಸರನ್ನೂ ಚೆಕ್‌ಸಮ್ಮನ್ನೂ (ಕಡತ ಬದಲಾಗಿಲ್ಲವೆಂದು ತಾಳೆನೋಡುವ ಗುರುತನ್ನೂ) ಹೇಳಿದರೆ, ಪ್ರೈಮರಿ ಎಂಬ ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ಹೆಸರು, ಆವೃತ್ತಿ, ಅವಲಂಬನೆ (ಅದು ನಡೆಯಲು ಬೇಕಾದ ಇತರ ಪ್ಯಾಕೇಜುಗಳು) ಮತ್ತು ಚೆಕ್‌ಸಮ್ ಇರುತ್ತವೆ. ಇದನ್ನು ಹೊಸದಾಗಿಸಲು ಭಂಡಾರದ ಫೋಲ್ಡರಿನೊಳಗೆ ಹೋಗಿ ‘ಕ್ರಿಯೇಟ್‌ರೆಪೋ_ಸಿ --ಅಪ್‌ಡೇಟ್ .’ (createrepo_c --update .) ಎಂಬ ಕಮಾಂಡ್ ಕೊಡಬೇಕು. ಕೊನೆಯ ಚುಕ್ಕಿ ಕಮಾಂಡಿನದೇ ಭಾಗ. ಗಾತ್ರವೂ ಮಾರ್ಪಾಡಿನ ಸಮಯವೂ ಬದಲಾಗದ ಪ್ಯಾಕೇಜುಗಳ ಹಳೆಯ ವಿವರವನ್ನು ‘ಅಪ್‌ಡೇಟ್’ ಆಯ್ಕೆಯು ಹಾಗೆಯೇ ಉಳಿಸಿಕೊಳ್ಳುವುದರಿಂದ ದೊಡ್ಡ ಭಂಡಾರದಲ್ಲಿಯೂ ಕೆಲಸ ಬೇಗ ಮುಗಿಯುತ್ತದೆ.

ನಮ್ಮ ಕಡೆಯವರು ವಿಶೇಷವಾಗಿ ನೆನಪಿಡಬೇಕಾದದ್ದು ಕರೆಂಟಿನ ವಿಚಾರ. ಈ ಕಮಾಂಡ್ ಹೊಸ ಪಟ್ಟಿಯನ್ನು ಮೊದಲು ‘.ರೆಪೋಡೇಟಾ’ ಎಂಬ, ಚುಕ್ಕಿಯಿಂದ ಶುರುವಾಗುವ ಮರೆಯ ಫೋಲ್ಡರಿನಲ್ಲಿ ಸಿದ್ಧಪಡಿಸಿ, ಪೂರ್ಣವಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರುತ್ತದೆ. ನಡುವೆ ಕರೆಂಟ್ ಹೋದರೆ ಆ ಫೋಲ್ಡರು ಅಲ್ಲಿಯೇ ಉಳಿದು, ಮುಂದಿನ ಸಲ ಕಮಾಂಡ್ ಕೊಟ್ಟಾಗ ಇನ್ನೊಂದು ಪ್ರಕ್ರಿಯೆ ನಡೆಯುತ್ತಿರಬಹುದೆಂದು ಭಾವಿಸಿ ಕೆಲಸ ನಿಂತುಬಿಡುತ್ತದೆ. ನಿಜಕ್ಕೂ ಬೇರೆ ಯಾರೂ ಅದನ್ನು ನಡೆಸುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ಅದನ್ನು ಅಳಿಸಬೇಕು. ಹಾಗೆ ಅಳಿಸುವಾಗ ಚುಕ್ಕಿ ಬಿಟ್ಟುಹೋದರೆ ಇದ್ದ ಪಟ್ಟಿಯೇ ಹೋಗುತ್ತದೆ.

ರೆಪೋಎಂಡಿ ಕಡತಕ್ಕೆ, ಅದು ಅಸಲಿಯೆಂದು ತೋರಿಸುವ ಜಿಪಿಜಿ ಎಂಬ ಡಿಜಿಟಲ್ ಸಹಿ ಹಾಕುವ ರೂಢಿಯಿದ್ದರೆ, ಪಟ್ಟಿ ಬದಲಾದೊಡನೆ ಹಳೆಯ ಸಹಿ ಹೊಂದುವುದಿಲ್ಲವಾದ್ದರಿಂದ ಮತ್ತೆ ಸಹಿ ಮಾಡಬೇಕು.

ಸರ್ವರಿನಲ್ಲಿ ಎಲ್ಲವೂ ಸರಿಯಿದ್ದೂ ಲ್ಯಾಬಿನ ಕಂಪ್ಯೂಟರಿಗೆ ಹೊಸ ಪ್ಯಾಕೇಜ್ ಕಾಣಿಸದಿರಬಹುದು. ಡಿಎನ್‌ಎಫ್ ತಾನು ಒಮ್ಮೆ ತಂದ ಪಟ್ಟಿಯನ್ನು, ಬೇರೆ ಅವಧಿ ನಿಗದಿಪಡಿಸದಿದ್ದರೆ, 48 ಗಂಟೆಗಳ ಕಾಲ ನಂಬುತ್ತದೆ. ‘--ರಿಫ್ರೆಶ್’ ಆಯ್ಕೆಯೊಡನೆ ಕೇಳಿದರೆ ಒಡನೆಯೇ ಸರ್ವರನ್ನು ವಿಚಾರಿಸುತ್ತದೆ. ಇದೇ ಕಾರಣಕ್ಕೆ, ಹೆಸರನ್ನೂ ಆವೃತ್ತಿಯನ್ನೂ ಹಾಗೆಯೇ ಇಟ್ಟು ಪ್ಯಾಕೇಜಿನ ಒಳಗನ್ನು ಮಾತ್ರ ಬದಲಿಸುವುದು ತಪ್ಪು: ಹಳೆಯ ಪಟ್ಟಿಯುಳ್ಳ ಕಂಪ್ಯೂಟರಿಗೆ ಚೆಕ್‌ಸಮ್ ತಾಳೆಯಾಗುವುದಿಲ್ಲ, ಮೊದಲೇ ಹಾಕಿಕೊಂಡ ಕಂಪ್ಯೂಟರಿಗೆ ಹೊಸದು ಬಂದಿದೆಯೆಂದೇ ತಿಳಿಯುವುದಿಲ್ಲ. ಚಿಕ್ಕ ತಿದ್ದುಪಡಿಯಾದರೂ, ಆವೃತ್ತಿಯ ಜೊತೆಗೆ ಬರುವ ಬಿಡುಗಡೆ ಸಂಖ್ಯೆಯನ್ನು 1ರಿಂದ 2ಕ್ಕೆ ಏರಿಸಿಯೇ ಪ್ಯಾಕೇಜನ್ನು ಕಟ್ಟಬೇಕು.