ಗಡ್ಡೆ ಒಳಗಿರುವಾಗಲೇ ಕರೆಂಟ್ ಯಾಕೆ?

"ಗಡ್ಡಿ ಮೊದ್ಲ ತಗದ್ರ ಆಗಾಂಗಿಲ್ಲೇನ್ರಿ?"

ಪರೇಲ್‌ನ ಟಾಟಾ ಆಸ್ಪತ್ರೆಗೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ನನ್ನನ್ನು ಹೀಗೆ ಕೇಳುತ್ತಾರೆ. ಹಿಂದಿ ಬಾರದವರ ಜೊತೆ ನಮ್ಮಂಥ ಮುಂಬೈ ಕನ್ನಡಿಗರು ಆಗಾಗ ಹೋಗುತ್ತೇವೆ. ಗುದನಾಳದ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಆಪರೇಷನ್ ಆಗಿಬಿಡಲಿ ಅನ್ನೋದು ಮನೆಯವರ ಅವಸರ. ಡಾಕ್ಟರು ಮೊದಲು ರೇಡಿಯೇಷನ್, ಅಂದರೆ ಗಡ್ಡೆಗೆ ವಿಕಿರಣ ಹಾಯಿಸೋದು, ಅನ್ನುತ್ತಾರೆ. ನಮ್ಮವರಿಗೆ ಅದು 'ಕರೆಂಟ್', ಇಲ್ಲಿನ ಹಿಂದಿಯಲ್ಲಿ 'ಸಿಕಾಯಿ'. ಕೈಲಾಗದೆ ಸುಮ್ನೆ ಕಾಯಿಸುತ್ತಿದ್ದಾರೆ ಅಂತ ಎಷ್ಟೋ ಜನ ಅಳುತ್ತಾರೆ. ಹಾಗಲ್ಲ. ಈ ಕ್ರಮ ಗೊತ್ತುಮಾಡಿಕೊಳ್ಳಲು ವೈದ್ಯರಿಗೆ ಹತ್ತಾರು ವರ್ಷ ಹಿಡಿದಿದೆ.

1908ರಲ್ಲಿ ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ ದೊಡ್ಡದೊಂದು ಆಪರೇಷನ್ ಬಗ್ಗೆ ಬರೆದರು. ಹೊಟ್ಟೆಯಿಂದಲೂ ಕೆಳಗಿನಿಂದಲೂ ಕೊಯ್ದು ಗುದನಾಳವನ್ನೇ ತೆಗೆಯುವುದು. ಆಮೇಲೆ ಮಲ ಹೊಟ್ಟೆಯ ಮೇಲಿನ ತೂತಿನಿಂದಲೇ ಹೋಗಬೇಕು, ಜೀವನಪೂರ್ತಿ. ಇಷ್ಟಾದರೂ ಬಹಳ ಜನರಿಗೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುತ್ತಿತ್ತು. ಸೊಂಟದೊಳಗೆ ಜಾಗ ಇಕ್ಕಟ್ಟು. ಮುಂದೆ ಮೂತ್ರಕೋಶ, ಹೆಂಗಸರಲ್ಲಿ ಗರ್ಭಕೋಶ, ಹಿಂದೆ ಎಲುಬು. ಅಂಚಿನಲ್ಲಿ ಒಂದಿಷ್ಟು ಉಳಿದರೆ ಅದೇ ಮತ್ತೆ ಬೆಳೆಯುತ್ತದೆ.

ಹಾಗಾದರೆ ಮೊದಲೇ ಕರೆಂಟ್ ಕೊಟ್ಟರೆ? ಸ್ವೀಡನ್ನಿನ ವೈದ್ಯರು 1987ರಿಂದ 1990ರವರೆಗೆ 1168 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ನೇರ ಆಪರೇಷನ್. ಉಳಿದವರಿಗೆ ಒಂದು ವಾರದಲ್ಲಿ 5 ಸಲ ರೇಡಿಯೇಷನ್, ಮರುವಾರ ಆಪರೇಷನ್. 5 ವರ್ಷದಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 27, ಎರಡನೆಯದರಲ್ಲಿ 11. ಬದುಕಿ ಉಳಿದವರೂ ಜಾಸ್ತಿ, 48ರ ಬದಲು 58.

ಅಷ್ಟರಲ್ಲಿ ಆಪರೇಷನ್ನೇ ಸುಧಾರಿಸಿತ್ತು. ಗುದನಾಳದ ಸುತ್ತಲಿನ ಕೊಬ್ಬನ್ನು ಪೊರೆ ಹರಿಯದಂತೆ ಇಡಿಯಾಗಿ ತೆಗೆಯಬೇಕು ಅಂತ ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲೇ ತೋರಿಸಿದ್ದರು. ಕೈಕೆಲಸ ಇಷ್ಟು ಚೊಕ್ಕವಾದ ಮೇಲೂ ಕರೆಂಟ್ ಬೇಕಾ? 2001ರಲ್ಲಿ ಡಚ್ಚರ ಅಧ್ಯಯನ ಉತ್ತರಿಸಿತು. ಎರಡು ವರ್ಷದಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ಆಪರೇಷನ್ ಮಾತ್ರ ಆದವರಲ್ಲಿ ನೂರಕ್ಕೆ 8.2, ಮೊದಲು ರೇಡಿಯೇಷನ್ ಪಡೆದವರಲ್ಲಿ 2.4. ಆದರೆ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೊದಲಾ, ಆಮೇಲಾ ಅನ್ನುವ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಜರ್ಮನ್ನರು. ಕೀಮೋ (ಕ್ಯಾನ್ಸರ್ ಕೊಲ್ಲುವ ಔಷಧಿ) ಜೊತೆ ಐದಾರು ವಾರದ ರೇಡಿಯೇಷನ್ನನ್ನು ಕೆಲವರಿಗೆ ಆಪರೇಷನ್‌ಗೆ ಮುಂಚೆ, ಕೆಲವರಿಗೆ ನಂತರ ಕೊಟ್ಟರು. 2004ರಲ್ಲಿ ಬಂದ ಫಲಿತಾಂಶದಲ್ಲಿ ಮುಂಚೆ ಪಡೆದವರಿಗೆ ಅದೇ ಜಾಗದಲ್ಲಿ ಮರುಕಳಿಸಿದ್ದು ನೂರಕ್ಕೆ 6, ನಂತರ ಪಡೆದವರಿಗೆ 13. ತೊಂದರೆಯೂ ಮುಂಚೆ ಪಡೆದವರಿಗೇ ಕಡಿಮೆ. ಕಾರಣ ಕಷ್ಟದ್ದಲ್ಲ. ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡಲು ಗಡ್ಡೆಗೆ ಆಕ್ಸಿಜನ್ ಬೇಕು, ಕೊಯ್ದ ಜಾಗದಲ್ಲಿ ರಕ್ತದ ಓಡಾಟ ಕಡಿಮೆ. ಜೊತೆಗೆ, ಗುದನಾಳ ತೆಗೆದ ಖಾಲಿ ಜಾಗಕ್ಕೆ ಸಣ್ಣ ಕರುಳು ಇಳಿದು ಅಂಟಿಕೊಳ್ಳುತ್ತದೆ. ಆಮೇಲೆ ಕರೆಂಟ್ ಕೊಟ್ಟರೆ ಅದೂ ಸುಡುತ್ತದೆ.

ಕೆಲವರಲ್ಲಿ ಕರೆಂಟ್, ಕೀಮೋ ಮುಗಿಯುವಷ್ಟರಲ್ಲಿ ಗಡ್ಡೆಯೇ ಮಾಯವಾಗಿರುತ್ತದೆ. ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ಅಂಥವರನ್ನು ಕೊಯ್ಯದೆ, ಬಿಡದೆ ಪರೀಕ್ಷಿಸುತ್ತಾ ಬಂದರು. ಆಗ ತುಂಬ ಜನ ನಂಬಲಿಲ್ಲ. ಈಗ ದೊಡ್ಡ ಆಸ್ಪತ್ರೆಗಳು ಆಯ್ದ ರೋಗಿಗಳಿಗೆ ಇದೇ ದಾರಿ ಹಿಡಿದಿವೆ.

ಕರೆಂಟಿಗೂ ಬೆಲೆ ತೆರಬೇಕು. ಪದೇ ಪದೇ ಮಲಕ್ಕೆ ಓಡುವುದು, ತಡೆಯಲಾಗದಿರುವುದು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲಬಹುದು. ಅದಕ್ಕೇ ಯಾರಿಗೆ ಇದನ್ನು ಬಿಡಬಹುದು ಅಂತ ಈಗ ಹುಡುಕುತ್ತಿದ್ದಾರೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಷ್ಟು ಅಪಾಯವಿಲ್ಲದ ಗಡ್ಡೆಯವರಿಗೆ ಮೊದಲು ಕೀಮೋ ಕೊಟ್ಟು, ಗಡ್ಡೆ ಚೆನ್ನಾಗಿ ಕುಗ್ಗಿದರೆ ರೇಡಿಯೇಷನ್ ಬಿಟ್ಟರು. ಫಲಿತಾಂಶ ಕೆಡಲಿಲ್ಲ.

5 ದಿನದ್ದಾ, ಐದಾರು ವಾರದ್ದಾ ಅನ್ನುವುದನ್ನು ಎಂಆರ್‌ಐ ನೋಡಿ ಡಾಕ್ಟರೇ ನಿರ್ಧರಿಸಬೇಕು. ದಾದರಿನ ಧರ್ಮಶಾಲೆಯಲ್ಲಿ ದಿನ ಎಣಿಸುವವರಿಗೆ ಆ ವ್ಯತ್ಯಾಸ ಬಹಳ ದೊಡ್ಡದು. ಇನ್ನೊಂದು ಮಾತನ್ನು ಮಾತ್ರ ನಾನು ಮರೆಯದೆ ಕೇಳುತ್ತೇನೆ. ನಮ್ಮ ದೇಶದಲ್ಲಿ ಈ ಕಾಯಿಲೆ ಹರೆಯದವರಲ್ಲೂ ಕಾಣುತ್ತದೆ. ಮದುವೆಯಾಗದ ಹುಡುಗನಿದ್ದರೆ, ಮುಂದೆ ಮಕ್ಕಳಾಗಲು ತೊಂದರೆಯಾಗದಿರಲಿ ಅಂತ, ಕರೆಂಟ್ ಶುರುವಾಗುವ ಮೊದಲೇ ವೀರ್ಯ ತೆಗೆದಿಡಬಹುದಾ ಅಂತ. ಅಪ್ಪ ತಲೆ ತಗ್ಗಿಸಿ ನಿಂತಿರುತ್ತಾರೆ. ಹಿಂದಿಯಲ್ಲಿ ನಾನೇ ಕೇಳುತ್ತೇನೆ.